ಎಂಪನಾಡ

ಸ್ಪ್ಯಾನಿಷ್ ಭಾಷೆಯಲ್ಲಿ ‘ಪಾನ್’ ಎಂದರೆ ಬ್ರೆಡ್ಡು. ಅದರಿಂದ ಹುಟ್ಟಿದ ‘ಎಂಪನಾರ್’ ಎಂಬ ಕ್ರಿಯಾಪದಕ್ಕೆ ಹಿಟ್ಟಿನೊಳಗೆ ಸುತ್ತುವುದು ಎಂದರ್ಥ. ಹಾಗೆ ಸುತ್ತಿದ್ದು ಎಂಪನಾಡ. ‘ಪಾನ್’ನ ಬೇರು ಲ್ಯಾಟಿನ್‌ನ ‘ಪಾನಿಸ್’. ಅದೇ ಬೇರಿನ ಪೋರ್ಚುಗೀಸ್ ಕುಡಿಯೇ ಗೋವೆಯ ಮೂಲಕ ನಮ್ಮ ಪಾವ್‌ಭಾಜಿಯ ‘ಪಾವ್’ ಆಗಿದೆ. ದೂರದ ನೆಂಟಸ್ತಿಕೆ, ಆದರೆ ನಿಜವಾದದ್ದು.

ಸ್ಪೇನಿನ ಗಲೀಸಿಯಾದಲ್ಲಿ ಎಂಪನಾಡ ಎಂದರೆ ಅಗಲವಾಗಿ ಬೇಯಿಸಿ ತುಂಡು ಮಾಡಿ ಬಡಿಸುವ ತಿನಿಸು. ನಮ್ಮ ಕರ್ಜಿಕಾಯಿಯನ್ನು ಹೋಲುವ ಅರ್ಧಚಂದ್ರ ಲ್ಯಾಟಿನ್ ಅಮೆರಿಕದ್ದು. ಅಲ್ಲಿಯೂ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಅರ್ಜೆಂಟೀನಾದಲ್ಲಿ ಅಂಚಿನ ಮಡಿಕೆಗೆ ‘ರೆಪುಲ್ಗೆ’ ಎಂದು ಹೆಸರು. ಒಳಗೆ ಮಾಂಸವೋ ಚೀಸೋ ಮೆಕ್ಕೆಜೋಳವೋ ಎಂಬುದನ್ನು ಎಷ್ಟೋ ಅಂಗಡಿಗಳಲ್ಲಿ ಆ ಮಡಿಕೆಯ ವಿನ್ಯಾಸದಿಂದಲೇ ಗುರುತಿಸುತ್ತಾರೆ. ಚಿಲಿಯವರ ಮಾಂಸ-ಈರುಳ್ಳಿ ಹೂರಣದ ಹೆಸರು ‘ಪೀನೊ’, ಇದು ಮಾಪುಚೆ ಜನರ ಭಾಷೆಯಿಂದ ಬಂದ ಪದ. ಬೊಲಿವಿಯಾದ ‘ಸಾಲ್ತೆನ್ಯಾ’ದೊಳಗೆ ಸಾರೇ ಇರುತ್ತದೆ, ಅವಸರದಿಂದ ಕಚ್ಚಿದರೆ ಅಂಗಿಯ ಗತಿ ಮುಗಿಯಿತು. ಕೊಲಂಬಿಯಾದವರು ಮೈದಾ ಬಿಟ್ಟು ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಿ ಕರಿಯುತ್ತಾರೆ, ಜೊತೆಗೆ ‘ಆಹಿ’ ಎಂಬ ಖಾರದ ಚಟ್ನಿ. ನನ್ನ ಓಟು ಇದಕ್ಕೇ.

ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ 74ನೇ ಬೀದಿಯ ಭಾರತೀಯ ದಿನಸಿ ಅಂಗಡಿಗಳಿಂದ ನಾಲ್ಕು ಹೆಜ್ಜೆ ನಡೆದು ರೂಸ್‌ವೆಲ್ಟ್ ಅವೆನ್ಯೂಗೆ ಬಂದರೆ ಇವುಗಳಲ್ಲಿ ಹಲವು ಒಂದೇ ಸಂಜೆಗೆ ಸಿಗುತ್ತವೆ. ಸಸ್ಯಾಹಾರಿಗಳು ‘ಕೇಸೊ’ (ಚೀಸು) ಅಥವಾ ‘ಉಮೀತಾ’ (ಎಳೆ ಮೆಕ್ಕೆಜೋಳ) ಕೇಳಬಹುದು. ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸಿದ್ದಾರೆಯೇ ಎಂದೂ ವಿಚಾರಿಸಿಕೊಳ್ಳಬೇಕು.