ಪ್ಯಾಕಾರ್ಡ್ ಹಾಕಿದ ಬೀಗ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದು ನನ್ನ ಕಸುಬು. ಸುಟ್ಟ ಟಾರ್ಕ್ ಕನ್ವರ್ಟರನ್ನು ಲೇತಿಗೆ ಕಟ್ಟಿ ವೆಲ್ಡಿಂಗ್ ಕತ್ತರಿಸಿದಾಗ, ಒಳಗಿನ ಲಾಕಪ್ ಕ್ಲಚ್ ಕಂಡ ಹುಡುಗರು ಅದನ್ನು ಕಂಪ್ಯೂಟರ್ ಕಾಲದ ಸಾಮಾನು ಎಂದುಕೊಳ್ಳುತ್ತಾರೆ. ಅಲ್ಲ, ಅದು ಅವರ ಅಜ್ಜಂದಿರ ಕಾಲದ್ದು.

ಕನ್ವರ್ಟರ್ ಹುಟ್ಟಿದ್ದೇ ಹಡಗಿಗಾಗಿ. ಅಂದಿನ ಜರ್ಮನಿಯ ಸ್ಟೆಟಿನ್‌ನಲ್ಲಿ ವಲ್ಕನ್ ಹಡಗುಕಟ್ಟೆಯ ಎಂಜಿನಿಯರ್ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಗಿ ಟರ್ಬೈನ್ ಭರ್ರನೆ ತಿರುಗುತ್ತದೆ, ಪ್ರೊಪೆಲ್ಲರ್ ನಿಧಾನ ತಿರುಗಿದರೇ ಚೆನ್ನ. ಎರಡರ ನಡುವೆ ಅವರು ಹಲ್ಲುಚಕ್ರದ ಬದಲು ದ್ರವವನ್ನು ಇಟ್ಟರು. ಒಂದು ಚಕ್ರ ದ್ರವವನ್ನು ಎಸೆಯುತ್ತದೆ, ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ, ನಡುವಿನ ಸ್ಟೇಟರ್ ಮರಳುವ ದ್ರವದ ದಿಕ್ಕು ಬದಲಿಸಿ ಬಲ ಹೆಚ್ಚಿಸುತ್ತದೆ. ನಿಂತ ಕಾರು ಹೊರಡುವಾಗ ಎಂಜಿನ್ನಿನ ತಿರುಚುಬಲ ಹೀಗೆ ಎರಡು ಪಟ್ಟಿನಷ್ಟಾಗುತ್ತದೆ. ಆದರೆ ವೇಗ ಹಿಡಿದ ಮೇಲೂ ಎರಡನೆಯ ಚಕ್ರ ಮೊದಲನೆಯದಕ್ಕಿಂತ ತುಸು ಹಿಂದೆಯೇ ಉಳಿಯುತ್ತದೆ. ಆ ಜಾರಿಕೆ ಆಯಿಲ್ ಕಾಯಿಸುತ್ತದೆ, ಪೆಟ್ರೋಲ್ ತಿನ್ನುತ್ತದೆ.

ಇದಕ್ಕೆ ಮದ್ದೂ ಹಳೆಯದೇ. 1933ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಹೊರತಂದ, ಕನ್ವರ್ಟರ್ ಹೊತ್ತ ಗೇರಿಲ್ಲದ ಬಸ್ಸಿನಲ್ಲಿ, ವೇಗ ಬಂದೊಡನೆ ಡ್ರೈವರ್ ಲಿವರ್ ಸರಿಸಿ ಎಂಜಿನ್ನನ್ನು ನೇರ ಜೋಡಣೆಗೆ ತರುತ್ತಿದ್ದ. ಅಮೆರಿಕದಲ್ಲಿ 1948ರ ಬ್ಯೂಕ್ ಕಾರಿನ ಡೈನಾಫ್ಲೋ ಗೇರ್‌ಬಾಕ್ಸ್ ಬಲು ನಯವಾಗಿ ಓಡಿತು, ಆದರೆ ಅದರಲ್ಲಿ ಹೀಗೆ ನೇರ ಜೋಡಿಸುವ ಬೀಗ, ಅಂದರೆ ಲಾಕಪ್, ಇರಲಿಲ್ಲ. ಮರುವರ್ಷ ಡೆಟ್ರಾಯಿಟಿನ ಪ್ಯಾಕಾರ್ಡ್ ತನ್ನದೇ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸ್ ತಂದಿತು. ಬ್ಯೂಕಿನ ಒಡೆಯ ಜನರಲ್ ಮೋಟರ್ಸ್‌ನ ಹಣಬಲದ ಮುಂದೆ ಪ್ಯಾಕಾರ್ಡ್ ಸಣ್ಣ ಕಂಪನಿ. ಆದರೂ ಅದರ ಎಂಜಿನಿಯರುಗಳು ಕನ್ವರ್ಟರಿನ ಜೊತೆಗೇ ಕ್ಲಚ್ಚನ್ನೂ ಇಟ್ಟರು. ಕಾರು ವೇಗ ಹಿಡಿದೊಡನೆ ಆಯಿಲ್ ಒತ್ತಡವೇ ಪ್ಲೇಟನ್ನು ಅದುಮಿ ಎಂಜಿನ್ನನ್ನು ನೇರವಾಗಿ ಜೋಡಿಸುತ್ತಿತ್ತು, ಡ್ರೈವರ್ ಏನೂ ಮಾಡಬೇಕಿರಲಿಲ್ಲ. ಕಂಪ್ಯೂಟರಿಲ್ಲದ ಕಾಲದಲ್ಲಿ ಬರೀ ವಾಲ್ವು, ಸ್ಪ್ರಿಂಗುಗಳಿಂದ ಇದನ್ನು ಸಾಧಿಸಿದ ಆ ಕೈಗಳಿಗೆ ನಾನು ಮನಸಾರೆ ನಮಿಸುತ್ತೇನೆ.

ಪ್ಯಾಕಾರ್ಡ್ ಹೆಸರು 1958ಕ್ಕೆ ಅಳಿಯಿತು. ಅಗ್ಗದ ಪೆಟ್ರೋಲಿನ ನಾಡಿನಲ್ಲಿ ಈ ಕ್ಲಚ್ಚಿಗಾಗಿ ಹೆಚ್ಚು ದುಡ್ಡು ಹಾಕಲು ಯಾವ ದೊಡ್ಡ ಕಂಪನಿಗೂ ಕಾರಣವಿರಲಿಲ್ಲ. ಕಾರಣ ಒದಗಿಸಿದ್ದು 1973ರ ತೈಲ ಬಿಕ್ಕಟ್ಟು, ಅದರ ಬೆನ್ನಿಗೆ ಬಂದ 1975ರ ಅಮೆರಿಕದ ಮೈಲೇಜ್ ಕಾನೂನು. 1978ರ ಮಾಡೆಲ್‌ಗಳಲ್ಲಿ ಕ್ರೈಸ್ಲರ್ ತನ್ನ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸಿಗೆ ಲಾಕಪ್ ಹಾಕಿತು, ಉಳಿದವರು ಹಿಂಬಾಲಿಸಿದರು. ಹಠಾತ್ತನೆ ಕಚ್ಚುವ ಕ್ಲಚ್ಚಿನಿಂದ ಎಂಜಿನ್ನಿನ ನಡುಕ ಸೀಟಿಗೆ ಬಡಿಯುತ್ತಿತ್ತು. ಅದನ್ನು ಸ್ಪ್ರಿಂಗ್ ಡ್ಯಾಂಪರ್‌ಗಳು, ಆಮೇಲೆ ಬೇಕಾದಷ್ಟೇ ಜಾರಲು ಬಿಡುವ ಎಲೆಕ್ಟ್ರಾನಿಕ್ ಹಿಡಿತ ಪಳಗಿಸಿದವು.

ಈಗ ಎಂಜಿನ್ ಶಕ್ತಿ ಏರಿಸಿಕೊಂಡವರು ಹೈ-ಸ್ಟಾಲ್ ಕನ್ವರ್ಟರ್, ಮೂರು ಪ್ಲೇಟಿನ ಲಾಕಪ್ ಕೇಳುತ್ತಾರೆ. ಹೈ-ಸ್ಟಾಲ್ ಎಂದರೆ ಹೊರಡುವಾಗ ಇನ್ನೂ ಹೆಚ್ಚು ಜಾರಿಕೆ, ಇನ್ನೂ ಹೆಚ್ಚು ಬಿಸಿ. ದಯವಿಟ್ಟು ಮೊದಲು ಒಳ್ಳೆಯ ಆಯಿಲ್ ಕೂಲರ್ ಹಾಕಿಸಿ, ಕಂಪನಿ ಹೇಳಿದ ಆಯಿಲನ್ನೇ ತುಂಬಿಸಿ. ಪ್ಲೇಟಿನ ಮಾತು ಆಮೇಲೆ.