‘ಡೊನೇಷನ್ ಕಾಲೇಜು’ ಅನ್ನೋ ಹಣೆಪಟ್ಟಿ

“ಅದಾ? ಡೊನೇಷನ್ ಕಾಲೇಜು ಬಿಡಿ, ದುಡ್ಡಿದ್ದವರು ಓದೋದು!” ಸಿಇಟಿ ರ‍್ಯಾಂಕ್ ಬಂದ ಮನೆಗಳಲ್ಲಿ ಈ ಮಾತು ಇನ್ನೂ ಕೇಳಿಸುತ್ತೆ. ಈ ಹಣೆಪಟ್ಟಿಗೂ ಒಂದು ಇತಿಹಾಸ ಇದೆ.

ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜು ತೆರೆದದ್ದು 1946ರಲ್ಲಿ. ಟಿ.ಎಂ.ಎ. ಪೈಗಳು ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಕಟ್ಟಿದ್ದು 1953ರಲ್ಲಿ. ಸರ್ಕಾರಿ ಸೀಟುಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು.

ಮುಂದೆ ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಷನ್ ಹಾವಳಿಯೂ ಹೆಚ್ಚಿತು. 1984ರಲ್ಲಿ ರಾಜ್ಯ ಅದನ್ನು ನಿಷೇಧಿಸಿ ಕಾನೂನು ಮಾಡಿತು. ಆದರೂ 1992ರಲ್ಲಿ ತೀರ್ಪಾದ ಮೋಹಿನಿ ಜೈನ್ ಪ್ರಕರಣ ನೋಡಿ: ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000! ಹಣೆಪಟ್ಟಿ ಅಂಟಿಕೊಂಡದ್ದು ಸುಮ್ಮನೆ ಅಲ್ಲ.

1993ರ ಉನ್ನಿಕೃಷ್ಣನ್ ತೀರ್ಪು ಲೆಕ್ಕ ಬದಲಿಸಿತು. ಖಾಸಗಿ ಕಾಲೇಜಿನ ಅರ್ಧದಷ್ಟು ಸೀಟು ಸರ್ಕಾರಿ ಶುಲ್ಕಕ್ಕೇ, ಮೆರಿಟ್ ಮೇಲೆ ಕೊಡಬೇಕಾಯಿತು. 1994ರಲ್ಲಿ ಸಿಇಟಿ ಬಂತು. ಹಳ್ಳಿಯ ಮೇಷ್ಟ್ರ ಮಗನೂ ರ‍್ಯಾಂಕ್ ಹಿಡಿದು ಅದೇ ‘ಡೊನೇಷನ್ ಕಾಲೇಜಿನ’ ಬೆಂಚಿನಲ್ಲಿ ಕೂರುವಂತಾಯಿತು. 1998ರಲ್ಲಿ ವಿಟಿಯು ಶುರುವಾದ ಮೇಲೆ ಅದರಡಿಯ ಬಹುತೇಕ ಕಾಲೇಜುಗಳಿಗೆ ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ.

2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು ನಿಜ, ಮ್ಯಾನೇಜ್‌ಮೆಂಟ್ ಸೀಟು ಈಗಲೂ ಇದೆ ನಿಜ. ಆದರೆ ಸಿಇಟಿ ಸೀಟೂ ಇದೆಯಲ್ಲ! ಆಪ್ಷನ್ ತುಂಬುವಾಗ ಸೋದರಮಾವನ ಕಾಲದ ಮಾತು ಕೇಳಿ ಒಳ್ಳೆ ಕಾಲೇಜು ಬಿಟ್ಟರೆ ನಷ್ಟ ನಾಲ್ಕು ವರ್ಷದ್ದು. ಒಂದು ದಿನ ಹೋಗಿ ಲ್ಯಾಬ್ ನೋಡಿ, ಮೂರನೇ ವರ್ಷದವರನ್ನು ಮಾತಾಡಿಸಿ. ಆಮೇಲೆ ತೀರ್ಮಾನ ಮಾಡಿ.