ಉಗುರಗಲದ ಕನ್ನಡಿ

ಚನ್ನಗಿರಿಯ ಸೀಮೆಗೆ ಹೋದವರಿಗೆ ಊರವರು ತೋರಿಸುವುದೆಲ್ಲ ದೊಡ್ಡದು. ಬೆಟ್ಟದ ಮೇಲಿನ ಕೋಟೆ, ಸಂತೇಬೆನ್ನೂರಿನ ಪುಷ್ಕರಿಣಿ, ಕಣ್ಣು ಹಾಯುವವರೆಗೂ ನೀರೇ ನೀರಾಗಿರುವ ಸೂಳೆಕೆರೆ. ಇವುಗಳ ಮುಂದೆ ನಿಂತಾಗ ಚರಿತ್ರೆಯೆಂಬುದು ಕಲ್ಲಿನಲ್ಲಿ, ಅದೂ ಭಾರಿ ಪ್ರಮಾಣದಲ್ಲಿ, ಕಟ್ಟಿಟ್ಟ ವಸ್ತುವೆಂದೇ ತೋರುತ್ತದೆ. ಆದರೆ ಇದೇ ಚನ್ನಗಿರಿಯಲ್ಲಿ, ನೆರೆಯ ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಚದುರಿಕೊಂಡಿರುವ ಲಂಬಾಣಿ ತಾಂಡಾಗಳ ಕಡೆಗೆ ಹೆಜ್ಜೆ ತಿರುಗಿಸಿದರೆ ಇನ್ನೊಂದು ಬಗೆಯ ಚರಿತ್ರೆ ಕಾಣುತ್ತದೆ. ಅದರ ಗಾತ್ರ ಉಗುರಿನಷ್ಟು. ಮುದುಕಿಯೊಬ್ಬಳ ಲಂಗದ ಮೇಲೆ ಎಳೆ ಎಳೆಯಾಗಿ ದಾರ ಸುತ್ತಿ ಕೂರಿಸಿದ ಪುಟ್ಟ ಕನ್ನಡಿ ಅದು.

ಆ ಕನ್ನಡಿ ಅಷ್ಟು ಚಿಕ್ಕದಾಗಿರುವುದಕ್ಕೆ ಕಾರಣವುಂಟು. ಲಂಬಾಣಿಗಳು ಮೂಲತಃ ಹೇರೆತ್ತಿನ ವ್ಯಾಪಾರಿಗಳು. ಲವಣ ಸಾಗಿಸಿದವರಾದ್ದರಿಂದ ಲಂಬಾಣಿಗಳಾದರೆಂದು ಹೇಳುವುದುಂಟು. ಉಪ್ಪು, ದವಸಗಳನ್ನು ಸಾವಿರಾರು ಎತ್ತುಗಳ ಮೇಲೆ ಹೇರಿಕೊಂಡು ಉತ್ತರದಿಂದ ದಖ್ಖನಿಗೆ ಮೊಗಲರ ದಂಡುಗಳ ಜೊತೆಗೂ ಬಂದರು. ತಾಂಡಾ ಎಂದರೆ ಇಂದು ನಮಗೆ ಊರಾಚೆಯ ಒಂದು ಕೇರಿ. ಅಂದು ಅದರ ಅರ್ಥ ಎತ್ತುಗಳ ಸಾಲು, ನಡೆಯುತ್ತಿರುವ ಊರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬಿದನೂರು ಸೀಮೆಯಲ್ಲಿ ತಲೆಯೆತ್ತಿದ ಧೋಂಡಿಯಾ ವಾಘ್ ಚನ್ನಗಿರಿಯಲ್ಲೇ ಹುಟ್ಟಿದವನು. 1800ರಲ್ಲಿ ಅವನ ಬೆನ್ನಟ್ಟಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳನ್ನು ತೆರೆದರೆ ‘ಬ್ರಿಂಜಾರಿ’ಗಳ ಮಾತು ಮತ್ತೆ ಮತ್ತೆ ಬರುತ್ತದೆ. ಅವರ ಎತ್ತು ಬಾರದಿದ್ದರೆ ದಂಡಿಗೆ ಅನ್ನವಿಲ್ಲ. ವೆಲ್ಲೆಸ್ಲಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು, ಧೋಂಡಿಯಾನ ಹೆಸರೂ ಉಳಿಯಿತು. ಇವರಿಬ್ಬರ ನಡುವೆ ಅಕ್ಕಿ ಹೊತ್ತವರು ಮಾತ್ರ ಗುಂಪಿನ ಹೆಸರಿನಲ್ಲೇ ಕರಗಿಹೋದರು.

ಇನ್ನು ಆ ಸಾಲಿನಲ್ಲಿ ನಡೆದ ಹೆಂಗಸಿನ ಗತಿಯನ್ನು ನೆನೆಯಬೇಕು. ಗೋಡೆಯಿಲ್ಲದವಳಿಗೆ ಚಿತ್ತಾರ ಬರೆಯುವುದೆಲ್ಲಿ? ಜಗಲಿಯಿಲ್ಲದವಳಿಗೆ ರಂಗವಲ್ಲಿ ಎಲ್ಲಿ? ಎತ್ತಿನ ಮೇಲೆ ಸರಕಿಗೆ ಮೊದಲ ಜಾಗ, ಮನೆಯ ಸಾಮಾನಿಗೆ ಉಳಿದ ಜಾಗ. ಹೀಗಿರಲು ಅವಳು ತನ್ನ ಅಂದಚಂದವನ್ನೆಲ್ಲ ಅಂಗೈಯಲ್ಲಿ ಹಿಡಿಯುವ ವಸ್ತುಗಳಿಗೆ ಇಳಿಸಿ ಮೈಮೇಲೆ ತೊಟ್ಟುಕೊಂಡಳೆಂದು ತೋರುತ್ತದೆ. ಪೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಮುಸುಕು ಇವೆಲ್ಲ ಅವಳ ಗೋಡೆಗಳೇ. ಇವಲ್ಲದೆ ಮದುವೆಗೆಂದು ಸಿದ್ಧವಾಗುವ ಪುಟ್ಟ ಚೀಲಗಳಿವೆ. ಬಿಂದಿಗೆ ಹೊರಲು ತಲೆಯ ಮೇಲಿಡುವ ಸಿಂಬಿಯುಂಟು. ಅದಕ್ಕೂ ಕವಡೆ ಕಟ್ಟಿ, ಹಿಂದೆ ಇಳಿಬೀಳುವ ಅಂಗೈಯಗಲದ ಬಟ್ಟೆಯ ತುಂಬ ಹೊಲಿಗೆ ತುಂಬುತ್ತಾರೆ. ನೀರು ತರುವ ಕೆಲಸಕ್ಕೆ ಇಷ್ಟೊಂದು ಸಿಂಗಾರವೇಕೆಂದು ನಮ್ಮಂಥವರು ಕೇಳಬಹುದು. ದಿನವೂ ಮಾಡಲೇಬೇಕಾದ ದುಡಿಮೆಯನ್ನು ಹಾಗೆ ಗೌರವಿಸಿದ ಜನ ಇನ್ನಾರಿದ್ದಾರೆಂದು ಅವರು ನಮ್ಮನ್ನು ಮರಳಿ ಕೇಳಬಹುದು.

ಈ ಕೆಲಸ ಒಂಟಿಯಾಗಿ ಆದದ್ದಲ್ಲ ಎಂಬುದೇ ಇಲ್ಲಿ ಮುಖ್ಯವಾದ ಮಾತು. ಇದಕ್ಕೆ ಬರೆದಿಟ್ಟ ನಕ್ಷೆಯಿಲ್ಲ. ಅವರ ಗೋರ್ ಭಾಷೆಗೆ ಸ್ವಂತ ಲಿಪಿಯೂ ಇಲ್ಲ. ಕಿಲಣ್, ವೇಲೆ, ಮಾಕಿ, ರೇಲೋ ಮುಂತಾಗಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸಿದ್ದಾರೆ. ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳು, ಅತ್ತೆಯ ಪಕ್ಕದಲ್ಲಿ ಸೊಸೆ ಕೂತು, ಕೈ ನೋಡಿ ಕೈ ಕಲಿಯಬೇಕಾದ ವಿದ್ಯೆ ಇದು. ಮಧ್ಯಾಹ್ನದ ಬಿಡುವಿನಲ್ಲಿ ಮರದ ನೆರಳಿಗೆ ನಾಲ್ಕು ಜನ ಸೇರಿದರೆ ಅದೇ ಪಾಠಶಾಲೆ. ಹಾಡು, ಹರಟೆ, ತವರಿನ ಸುದ್ದಿ, ಅಳು, ನಗು ಎಲ್ಲವೂ ಆ ದಾರದ ಜೊತೆಯಲ್ಲೇ ಬಟ್ಟೆಗೆ ಹೊಕ್ಕವು.

ಹೀಗೆ ಹೆಣ್ಣುಮಕ್ಕಳು ಮನೆಗೆಲಸದಿಂದ ತುಸು ದೂರ ಸರಿದು ತಮ್ಮಷ್ಟಕ್ಕೆ ತಾವು ಸೇರುವುದಕ್ಕೆ ಹಬ್ಬದ ಒಪ್ಪಿಗೆಯೂ ಇದೆ. ಶ್ರಾವಣದ ತೀಜ್ ಅಂಥ ಹಬ್ಬ. ಮದುವೆಯಾಗದ ಹುಡುಗಿಯರು ಪುಟ್ಟ ಬುಟ್ಟಿಗಳಲ್ಲಿ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತಿ, ಒಂಬತ್ತು ದಿನ ಹಾಡು ಹೇಳುತ್ತ ನೀರೆರೆದು ಸಸಿ ಬೆಳೆಸುತ್ತಾರೆ. ಕೆರೆಯ ಮಣ್ಣು ತಂದು ಗಣಗೋರ್ ಎಂಬ ಚಿಕ್ಕ ಬೊಂಬೆಗಳನ್ನು ತಿದ್ದಿ ಪೂಜಿಸುತ್ತಾರೆ. ಕಡೆಯ ದಿನ ಸಸಿಗಳನ್ನು ಹಂಚಿ, ಬುಟ್ಟಿಗಳನ್ನು ನೀರಿಗೆ ಬಿಟ್ಟು ಬರುತ್ತಾರೆ. ಅಂಗೈಯಷ್ಟು ಹೊಲ, ಬೆರಳಷ್ಟು ದೇವರು. ನಾಳೆ ಬೇರೆ ಬೇರೆ ತಾಂಡಾಗಳ ಸೊಸೆಯರಾಗಿ ಚದುರಿಹೋಗುವ ಗೆಳತಿಯರು ಒಂದು ಸಂಸಾರವನ್ನೇ ಪುಟ್ಟದಾಗಿ ಹೂಡಿ ನೋಡುವ ಆಟವಿದು.

ತಾಂಡಾ ನಡೆಯುವುದನ್ನು ನಿಲ್ಲಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಗುಬ್ಬಿಯಿಂದ ಮುಂದುವರಿದ ರೈಲು 1889ರಲ್ಲಿ ಹರಿಹರ ಮುಟ್ಟಿತು. ಎತ್ತು ತಿಂಗಳಲ್ಲಿ ಸಾಗಿಸುತ್ತಿದ್ದುದನ್ನು ಗಾಡಿ ದಿನದಲ್ಲಿ ಸಾಗಿಸಿದ ಮೇಲೆ ಹೇರೆತ್ತಿಗೆ ಕೆಲಸವೆಲ್ಲಿಯದು? ಅತ್ತ ಬ್ರಿಟಿಷ್ ಸೀಮೆಯಲ್ಲಿ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಕಾಲಕ್ರಮದಲ್ಲಿ ಹಲವೆಡೆ ಇವರ ಮೇಲೂ ಬಿತ್ತು. ಅದು ರದ್ದಾದದ್ದು 1952ರಲ್ಲಿ. ವ್ಯಾಪಾರ ಹೋಯಿತು, ಮಾನಕ್ಕೂ ಕುಂದು ಬಂತು, ಗಂಡಸರು ಸೌದೆ ಕಡಿಯುವ, ಕೂಲಿ ಮಾಡುವ ಬಾಳಿಗೆ ಇಳಿದರು. ಹಳೆಯ ಸಿರಿಯ ಗುರುತಾಗಿ ಉಳಿದದ್ದು ಹೆಂಗಸರ ಮೈಮೇಲಿನ ಕನ್ನಡಿ, ಕವಡೆಗಳು ಮಾತ್ರ.

ಇಂದು ಅವೂ ಇಳಿಯುತ್ತಿವೆ. ಹೊಸ ತಲೆಮಾರಿನ ಹೆಣ್ಣು ಸೀರೆಯುಡುತ್ತಾಳೆ, ಕಾಲೇಜಿಗೆ ಬರುತ್ತಾಳೆ. ಅದು ಸಂತೋಷದ ಸಂಗತಿಯೇ. ನಮ್ಮ ಕಣ್ಣಿಗೆ ಹಬ್ಬವಾಗಲೆಂದು ಯಾರೂ ಭಾರವಾದ ಲಂಗ ಹೊತ್ತು ತಿರುಗಬೇಕಾಗಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಕಬ್ಬಿನ ಗದ್ದೆಗೋ ಕಾಫಿ ತೋಟಕ್ಕೋ ಗುಳೆ ಹೊರಡುವ ಹೆಂಗಸಿಗೆ ನೆರಳೂ ಇಲ್ಲ, ನೆರಳಿನಲ್ಲಿ ಕೂರುವ ಹೊತ್ತೂ ಇಲ್ಲ. ಸೂಜಿ, ದಾರ ಅಂಗಡಿಯಲ್ಲಿ ಸಿಕ್ಕಾವು; ಜೊತೆಗೂಡಿ ಕೂರುವ ಬಿಡುವು ಯಾವ ಅಂಗಡಿಯಲ್ಲಿ ಸಿಕ್ಕೀತು?

ಈ ಪ್ರಶ್ನೆಗೆ ಬಳ್ಳಾರಿ ಸೀಮೆಯ ಸಂಡೂರು ಒಂದು ಉತ್ತರ ಕಂಡುಕೊಂಡಿದೆ. ಅಲ್ಲಿನ ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರನ್ನು ಮತ್ತೆ ಒಟ್ಟಿಗೆ ಕೂರಿಸಿ, ಕೂತ ಹೊತ್ತಿಗೆ ಕೂಲಿ ಬರುವಂತೆ ಮಾಡಿತು. ಸಂಡೂರಿನ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ನಾನ್ನೂರೈವತ್ತಕ್ಕೂ ಮಿಕ್ಕ ಹೆಂಗಸರ ಕೈಯಿಂದಾದ 1,755 ವಸ್ತುಗಳನ್ನು ಒಂದೆಡೆ ಹರವಿದ್ದು ಗಿನ್ನೆಸ್ ದಾಖಲೆಯಾಯಿತು. ಮಗಳಿಗೆಂದು ಹೊಲಿದದ್ದಕ್ಕೂ ಮಾರಾಟಕ್ಕೆಂದು ಹೊಲಿದದ್ದಕ್ಕೂ ಅಂತರವುಂಟು, ನಿಜ. ಮಗಳ ಲಂಗಕ್ಕೆ ಅಳತೆ ತಾಯಿಯ ಮನಸ್ಸು. ಮಾರಾಟದ ಚೀಲಕ್ಕೆ ಅಳತೆ ಕೊಳ್ಳುವವರ ಅಭಿರುಚಿ. ಆದರೂ ಹಸಿದ ಕೈ ಹಳೆಯ ಪೇಟಿಯಾವನ್ನು ಮಾರಿಬಿಡುವುದಕ್ಕಿಂತ, ತಿಳಿದ ಕೈ ಹೊಸದನ್ನು ಹೊಲಿದು ಉಣ್ಣುವುದು ಮೇಲಲ್ಲವೇ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಸಮಾಜದ ನಂಬಿಕೆ. ಫೆಬ್ರವರಿಯ ಜಯಂತಿಗೆ ನಾಡಿನ ಮೂಲೆಮೂಲೆಯಿಂದ, ಹೊರರಾಜ್ಯಗಳಿಂದ ಲಂಬಾಣಿಗಳು ಅಲ್ಲಿಗೆ ನೆರೆಯುತ್ತಾರೆ. ಪೆಟ್ಟಿಗೆಯಲ್ಲಿದ್ದ ಲಂಗಗಳು ಅಂದು ಹೊರಬರುತ್ತವೆ. ಸೂಳೆಕೆರೆಯನ್ನು ನೋಡಲು ಹೊರಟ ಪಟ್ಟಣಿಗರು ಆ ಜಾತ್ರೆಗೂ ಒಮ್ಮೆ ಹೋಗಿ ಬರಬೇಕು. ಅಲ್ಲಿ ಯಾವಳಾದರೂ ಮುದುಕಿಯನ್ನು ಕಂಡಾಗ ಲಂಗದ ಬೆಲೆಯೆಷ್ಟೆಂದು ಕೇಳುವ ಮೊದಲು ಅದನ್ನು ಯಾರು ಯಾರು ಕೂಡಿ ಹೊಲಿದಿರೆಂದು ಕೇಳಿ ನೋಡಬೇಕು. ಅಜ್ಜಿ ಹೇಳುವ ಆ ಹೆಸರುಗಳನ್ನು ಯಾವ ಶಾಸನವೂ ಹೇಳಲಾರದು.